ಫೈಲಿನ ಪ್ರಾಪರ್ಟಿ

ಕಾಶಪ್ಪ: ನಾವು ಪುಸ್ತಕಾ ಛಾಪಿಸಾಕ ಬಂದೇವಿ. ನಮ್ಮ ಪ್ರಾಪರ್ಟಿ ನೋಡಿ ನೀ ಏನ ಮಾಡ್ತಿ?

ರಾಜೇಶ್ವರಿ: ನಿಮ್ಮದಲ್ಲ ಕಾಕಾ. ಫೈಲಿನ ಪ್ರಾಪರ್ಟಿ ನೋಡಬೇಕಂದೆ.

ಕಾಶಪ್ಪ: ಫೈಲ್ ನಂದು. ಅಂದಮ್ಯಾಲ ಅದರ ಪ್ರಾಪರ್ಟಿ ಯಾರದು?

ಇಂದ್ರವ್ವ: ಹೇಳಿಬಿಡ್ರಿ, ಅದಕ್ಕೇನ. ಎರಡ ಮಗ್ಗ, ಒಂದ ಎಮ್ಮಿ. ಮುಚ್ಚಿಡೂವಂಥಾದ್ದ ಏನೈತಿ.

ಬನಹಟ್ಟಿಯಲ್ಲಿ ರಾಜೇಶ್ವರಿಯ ಪ್ರೆಸ್ಸು. ಕಾಶಪ್ಪ ರಬಕವಿಯ ನೇಕಾರ. ಅವನ ಹೆಂಡತಿ ಇಂದ್ರವ್ವ ರಾಟಿ ತಿರುವಿ ನೂಲು ಸುತ್ತುತ್ತ ತಾನೇ ಕಟ್ಟಿಕೊಂಡ ಹಾಡಿನ ಪದಗಳನ್ನು ಅವನು ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ್ದ. ಸೋಮವಾರ ನೇಕಾರರ ಸಭೆಯಲ್ಲಿ ಪುಸ್ತಕ ಬಿಡುಗಡೆ. ಓಣಿಗೆಲ್ಲ ಹೇಳಿ ಆಗಿತ್ತು.

ರಾಜೇಶ್ವರಿ: ಆಸ್ತಿ ಅಲ್ರಿ ಕಾಕು, ಫೈಲಿನ ಗುಣಾ. ಹಾಳಿ ಎಷ್ಟ ಅಗಲ, ಪುಟ ಎಷ್ಟ, ಅಕ್ಷರ ಯಾವ ನಮೂನಿ, ಬರದವರು ಯಾರು, ಎಲ್ಲಾ ಅದರಾಗ ಇರತೈತಿ. ಮೊದಲ ನೋಡಿ ಬಿಡಬೇಕು. ಛಾಪಿಸೂ ಪ್ಲೇಟ್ ಮಾಡಿದ ಮ್ಯಾಲ ತಿದ್ದಾಕ ಬರಂಗಿಲ್ಲ.

ಇಂದ್ರವ್ವ: ಛಲೋ ಪದ್ಧತಿ. ನನ್ನ ಲಗ್ನದಾಗ ನಮ್ಮಪ್ಪ ಹಿಂಗ ನೋಡಿದ್ರ ಆಗತಿತ್ತು.

ಕಾಶಪ್ಪ ಕೇಳಿಸದವನಂತೆ ಫ್ಯಾನು ನೋಡಿದ. ಅವನು ಪೆನ್‌ಡ್ರೈವಿನಲ್ಲಿ ತಂದಿದ್ದ ಫೈಲನ್ನು ರಾಜೇಶ್ವರಿ ತನ್ನ ಕಂಪ್ಯೂಟರಿನಲ್ಲಿ ತೆರೆದಳು.

ರಾಜೇಶ್ವರಿ: ಕಾಕಾ, ಪುಸ್ತಕದ ಹೆಸರ ‘ಟ್ರ್ಯಾಕ್ಟರ್ ಮಾರಾಟದ ಕರಾರು’ ಅಂತ ಐತಲ್ರಿ.

ಕಾಶಪ್ಪ: ಟ್ರ್ಯಾಕ್ಟರ್? ನಮ್ಮ ಮನ್ಯಾಗ ಸೈಕಲ್ ಬಿಟ್ರ ಏನೂ ಇಲ್ಲ.

ಇಂದ್ರವ್ವ: ಇಲ್ಲದ್ದನ್ನ ಹೆಂಗ ಮಾರಿದ್ರಿ?

ರಾಜೇಶ್ವರಿ: ಬರದವರು, ಅಮೋಲ ಅಂತ. ಮುಧೋಳ.

ಗಂಡ ಹೆಂಡತಿಯ ಕಡೆ ತಿರುಗಿದ.

ಕಾಶಪ್ಪ: ಅಮೋಲ ಯಾಂವ?

ಇಂದ್ರವ್ವ: ನನಗೇನ ಗೊತ್ತು? ಟೈಪ್ ಮಾಡಿದವರು ನೀವು.

ಕಾಶಪ್ಪ: ಪದಾ ಕಟ್ಟಿದಾಕಿ ನೀ. ಮುಧೋಳ ನಿನ್ನ ತವರೂರು.

ಇಂದ್ರವ್ವ: ನಾ ಆ ಊರ ಬಿಟ್ಟಾಗ ಆಂವ ಹುಟ್ಟಿದ್ನೋ ಇಲ್ಲೋ.

ರಾಜೇಶ್ವರಿ: ಕಾಕಾ, ಲ್ಯಾಪ್‌ಟಾಪ್ ಎಲ್ಲಿಂದ ತಂದಿದ್ರಿ?

ಕಾಶಪ್ಪ: ಮುಧೋಳದಾಗ ಒಬ್ಬಾಂವನ ಕಡೆ. ಹಳೇ ಟ್ರ್ಯಾಕ್ಟರ್ ಮಾರಸತಾನ. ಹೆಸರೇನೋ...

ಅವನು ನಾಲಿಗೆ ಕಚ್ಚಿಕೊಂಡ.

ಇಂದ್ರವ್ವ: ಹೇಳ್ರಿ. ಹೆಸರೇನು?

ಕಾಶಪ್ಪ: ಅಮೋಲ.

ರಾಜೇಶ್ವರಿ: ಅಷ್ಟ. ಅವರ ಹಳೇ ಫೈಲಿನ್ಯಾಗಿಂದ ಕರಾರು ಅಳಿಸಿ ನೀವು ಪದಾ ಟೈಪ್ ಮಾಡೀರಿ. ಪ್ರಾಪರ್ಟಿ ಹಂಗ ಉಳದೈತಿ.

ಕಾಶಪ್ಪ: ಖಾಲಿ ಹಾಳಿ ಹೆಂಗ ತಗೀಬೇಕಂತ ಗೊತ್ತಾಗಲಿಲ್ಲ. ಬರದದ್ದ ಒಂದ ಸಿಕ್ತು, ಅಳಿಸಿ ಸ್ವಚ್ಛ ಮಾಡಕೊಂಡೆ.

ರಾಜೇಶ್ವರಿ: ಇದು ಹಾಳಿ ಮ್ಯಾಲ ಬರಂಗಿಲ್ಲ. ಆದರ ಪುಸ್ತಕಾನ ಮೊಬೈಲಿಗೆ ಕಳಸಿದ್ರ ಮಂದಿಗೆ ಕಾಣತೈತಿ. ಬರದವರು ಯಾರಂತ ಹಾಕ್ಲಿ?

ಕಾಶಪ್ಪ: ಹಾಕು. ಕಾಶ...

ಇಂದ್ರವ್ವ ಮೆಲ್ಲಗೆ ಬಳೆ ಸರಿಮಾಡಿಕೊಂಡಳು.

ಕಾಶಪ್ಪ: ...ಪ್ಪನ ಹೇಣ್ತಿ ಇಂದ್ರವ್ವ ಅಂತ ಹಾಕು.

ಇಂದ್ರವ್ವ: ಬರೇ ಇಂದ್ರವ್ವ ಸಾಕ ತಂಗಿ. ಇವರ ಹೆಸರ ನಾ ಬಾಯಾಗ ತರಂಗಿಲ್ಲ, ನನ್ನ ಪುಸ್ತಕರೆ ಯಾಕ ತರಬೇಕು?

ರಾಜೇಶ್ವರಿ ನಗುತ್ತ ಹೆಸರು ಬದಲಿಸಿದಳು. ಆಮೇಲೆ ಅಕ್ಷರಗಳ ಮಾತು ಬಂತು.

ರಾಜೇಶ್ವರಿ: ಕಾಕಾ, ಅಕ್ಷರ ಫೈಲಿನ ಒಳಗ ಕೂತಿಲ್ಲ.

ಕಾಶಪ್ಪ: ಮಗ್ಗಾ ಬಿಟ್ಟ ಕೂತೇನಿ ತಂಗಿ. ಕೂತಿಲ್ಲ ಅನ್ನಬ್ಯಾಡ.

ರಾಜೇಶ್ವರಿ: ನೀವು ಕೂತೀರಿ, ಅವು ಕೂತಿಲ್ಲ. ನಿಮ್ಮ ಲ್ಯಾಪ್‌ಟಾಪಿನ ಅಕ್ಷರ ನನ್ನ ಕಂಪ್ಯೂಟರಿನ್ಯಾಗ ಇಲ್ಲ. ನೋಡ್ರಿ, ಪದಾ ಇರೂ ಜಾಗಾದಾಗ ಬರೇ ಚೌಕ ಚೌಕ ಕಾಣಾಕತ್ತಾವ.

ಇಂದ್ರವ್ವ ಬಗ್ಗಿ ನೋಡಿದಳು.

ಇಂದ್ರವ್ವ: ಚೌಕಡಿ ಛಲೋ ಕುಂತೈತಿ. ಸೀರಿಗೆ ಹಾಕಬಹುದು.

ಲ್ಯಾಪ್‌ಟಾಪು ಚೀಲದಲ್ಲೇ ಇತ್ತು. ರಾಜೇಶ್ವರಿ ಅದನ್ನು ತೆಗೆಸಿ, ಅಕ್ಷರಗಳನ್ನು ಒಳಗೇ ಕೂಡಿಸಿ ಹೊಸದಾಗಿ ಫೈಲು ಮಾಡಿದಳು. ಹಾಳೆಯ ಅಳತೆಯನ್ನೂ ಪುಸ್ತಕಕ್ಕೆ ಹೊಂದಿಸಿದಳು. ಪದಗಳು ತೆರೆಯ ಮೇಲೆ ನೆಟ್ಟಗೆ ನಿಂತವು.

ರಾಜೇಶ್ವರಿ: ಪುಟಾ ಹೆಚ್ಚಿಗಿ ತೋರಸಾಕತ್ತೈತಿ. ಪದಾ ಮುಗದ ಮ್ಯಾಲೂ ಹಿಂದ ಏನೋ ಐತಿ.

ಕಾಶಪ್ಪ: ಅದನ್ನ ತಗದಬಿಡು.

ಇಂದ್ರವ್ವ: ಯಾಕ? ಅಮೋಲಂದೇನು?

ಕಾಶಪ್ಪ: ನಂದು. ಸುಮ್ನ ನಾಕ ಮಾತ ಬರದಿದ್ದೆ. ಬ್ಯಾಡ ಈಗ.

ಇಂದ್ರವ್ವ: ನಾ ಕನ್ನಡಕಾ ತಂದಿಲ್ಲ. ಬಾಯಿಲೆ ಹೇಳ್ರಿ, ಏನ ಬರದೀರಿ?

ಕಾಶಪ್ಪ ಒಮ್ಮೆ ರಾಜೇಶ್ವರಿಯ ಕಡೆ ನೋಡಿದ. ಅವಳು ಪ್ರಿಂಟರಿಗೆ ಹಾಳೆ ತುಂಬತೊಡಗಿದಳು, ಅದು ತುಂಬಿಯೇ ಇದ್ದರೂ.

ಕಾಶಪ್ಪ: ನೀ ಪದಾ ಹೇಳಿ ಬರಸುವಾಗ ನಡನಡಕ ಮರೀತಿದ್ದಿಲ್ಲ? ಮುಂದಿನ ಸಾಲ ನಾ ಹೇಳತಿದ್ದೆ.

ಇಂದ್ರವ್ವ: ಖರೆ ಐತಿ. ಅವು ನಿಮಗ ಹೆಂಗ ಗೊತ್ತು? ನಿಮ್ಮ ಮುಂದ ನಾ ಎಂದೂ ಹಾಡಿಲ್ಲ.

ಕಾಶಪ್ಪ: ಮುಂಜಾನಿ ರಾಟಿ ಮುಂದ ಕೂತ ಹಾಡತಿದ್ದಿ. ನಾ ಎದ್ದ ಕೂತ್ನಿ ಅಂದ್ರ ನಾಚಿ ಬಾಯಿ ಮುಚ್ಚತಿದ್ದಿ. ಅದಕ್ಕ ಎಚ್ಚರ ಆದ್ರೂ ಹೊದಕೊಂಡ ಮಲಗಿದಂಗ ಮಾಡಿ ಕೇಳತಿದ್ದೆ.

ಇಂದ್ರವ್ವ: ಯಾವಾಗಿಂದ?

ಕಾಶಪ್ಪ: ಲಗ್ನಾದ ವರ್ಷದಿಂದ. ಅದನ್ನ ಬರದೇನಿ.

ಇಂದ್ರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಒಳಗಿನ ಕೋಣೆಯಲ್ಲಿ ಮಷೀನು ಯಾರದೋ ಹಾಳೆಗಳನ್ನು ಒಂದರ ಮೇಲೊಂದು ಹಾಕುತ್ತಿತ್ತು.

ರಾಜೇಶ್ವರಿ: ಕಾಕು, ತಗೀಲೋ ಇಡ್ಲೋ?

ಇಂದ್ರವ್ವ: ಇಡು. ಹಿಂದ ಬ್ಯಾಡ, ಎಲ್ಲಾಕ್ಕಿಂತ ಮೊದಲ ಹಾಕು. ಅದರ ಕೆಳಗ ಇವರ ಹೆಸರೂ ಬರಲಿ, ದೊಡ್ಡ ಅಕ್ಷರದಾಗ.

ಕಾಶಪ್ಪನ ಮುಖ ಅರಳಿತು.

ಕಾಶಪ್ಪ: ಅಷ್ಟ ಛಲೋ ಅನಸ್ತೇನು?

ಇಂದ್ರವ್ವ: ಇಷ್ಟ ವರ್ಷ ಎಚ್ಚರ ಇದ್ದೂ ಮುಂಜಾನಿ ಚಾ ನನ್ನ ಕೈಲೆನ ಮಾಡಿಸ್ಯಾರ ಅಂತ ತಾವ ಬರದ ಕೊಟ್ಟಾರ ತಂಗಿ. ಊರ ಮಂದಿ ಓದಲಿ.