ಮಲ್ಲಿಗೆಯ ಪಕ್ಕದಲ್ಲಿ ಮಲಗಿದ ಕ್ಯಾಮೆರಾ

ಅಕ್ಕನ ನಿಶ್ಚಿತಾರ್ಥಕ್ಕೆ ಕಾಪುವಿನ ಫೋಟೋಗ್ರಾಫರನ್ನು ಬೇಡವೆಂದು ಹೇಳಿಸಿದವನು ನಾನೇ. "ನಾನಿರುವಾಗ ಅವರೆಂತಕ್ಕೆ?" ಎಂದಿದ್ದೆ. ದುಬೈಯಿಂದ ಬಂದ ಮಾವನ ಕ್ಯಾಮೆರಾ ಕೈಗೆ ಸಿಕ್ಕಿ ಆಗ ಎರಡೇ ದಿನ!

"ತಂಪಾದ ಜಾಗದಲ್ಲಿ ಇಡು, ಆಯ್ತಾ?" ಎಂದಿದ್ದರು ಮಾವ. ಮೇ ತಿಂಗಳಲ್ಲಿ ನಮ್ಮೂರು ಇನ್ನಂಜೆಯಲ್ಲಿ ತಂಪಾದ ಜಾಗ ಒಂದೇ, ನಮ್ಮ ಫ್ರಿಜ್ಜು. ಬಾಳೆಲೆಯಲ್ಲಿ ಸುತ್ತಿಟ್ಟ ಮಲ್ಲಿಗೆಯೇ ಅಲ್ಲಿ ಬಾಡುವುದಿಲ್ಲ, ಇನ್ನು ಕ್ಯಾಮೆರಾ ಬಾಡುತ್ತದೆಯೇ? ಮಲ್ಲಿಗೆಯ ಪಕ್ಕದಲ್ಲೇ ಮಲಗಿಸಿದೆ.

ಮರುದಿನ ಕಾರ್ಕಳದಿಂದ ಭಾವನ ಕಡೆಯವರು ಬಂದಿಳಿದರು. ಕ್ಯಾಮೆರಾ ತೆಗೆದು ಸ್ವಿಚ್ಚು ಒತ್ತಿದೆ. ಡಿಸ್‌ಪ್ಲೇ ಪೂರಾ ಬಿಳಿ! ಗಂಜಿ ತಿಳಿಯ ಹಾಗೆ!

ತಜ್ಞನಾದವನು ಗಾಬರಿಯಾಗಬಾರದು. ಬ್ಯಾಟರಿ ತೆಗೆದು ಹಾಕಿದೆ. ಸೆಟ್ಟಿಂಗ್ ಎಲ್ಲ ಅಳಿಸಿದೆ. ಮೆನು ಜಪಾನಿ ಭಾಷೆಗೆ ತಿರುಗಿತು. ಸೆಕೆಗೆ ಬಿಸಿಯಾಗಿರಬೇಕೆಂದು ತೀರ್ಮಾನಿಸಿ ಮತ್ತೆ ಫ್ರಿಜ್ಜಿನಲ್ಲಿಟ್ಟು ತೆಗೆದೆ. ಇನ್ನೂ ಬಿಳಿ!

"ಎಂತ ಮಾರಾಯ, ಆಗ್ತದಾ ಇಲ್ವಾ? ಉಂಗುರ ಹಾಕುವ ಹೊತ್ತಾಯ್ತು," ಎಂದಳು ಅಕ್ಕ.

"ಡಿಸ್‌ಪ್ಲೇ ಮಾತ್ರ ಹಾಳು. ಫೋಟೋ ಬೀಳ್ತದೆ. ಎಲ್ಲರೂ ಮೊಬೈಲ್ ಒಳಗಿಡಿ, ನಂಗೆ ಅಡ್ಡ ಬರ್ತದೆ!"

ಪಾಪ, ಅಷ್ಟೂ ಜನ ನಂಬಿದರು. ನಾನು ಮಂಡಿಯೂರಿ, ಕುರ್ಚಿ ಹತ್ತಿ, ಭಾವನ ತಂದೆಯ ಕಾಲು ತುಳಿದು ಇನ್ನೂರು ಫೋಟೋ ಹೊಡೆದೆ. ಮಧ್ಯೆ ಮಧ್ಯೆ ಕ್ಯಾಮೆರಾವನ್ನು ಫ್ರಿಜ್ಜಿಗೆ ವಿಶ್ರಾಂತಿಗೂ ಕಳಿಸಿದೆ.

ಊಟ ಮುಗಿಸಿ ಕಾರ್ಕಳದವರ ಕಾರು ಹೊರಟಿತು. ಅಜ್ಜಿ ಅಡುಗೆಮನೆಯಿಂದ ಬಂದರು. ಹಬೆಗೆ ಮಸುಕಾದ ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, ಆಗಷ್ಟೇ ಫ್ರಿಜ್ಜಿನಿಂದ ತೆಗೆದ ಕ್ಯಾಮೆರಾವನ್ನು ನೋಡಿದರು.

"ಇದರ ಗಾಜಿಗೂ ನೀರು ಕೂತಿದೆ ಅಲ್ವಾ ಮಗಾ? ಒರೆಸಿದ್ರೆ ಎಂತ ಆಗ್ತದೆ ನಿಂಗೆ?"

ಅದೇ ಸೆರಗಿನಿಂದ ಲೆನ್ಸು ಒರೆಸಿದರು. ಡಿಸ್‌ಪ್ಲೇಯಲ್ಲಿ ಖಾಲಿ ಕುರ್ಚಿಗಳು ಪಳಪಳ ಹೊಳೆದವು! ಅದಕ್ಕೆ ಯಾವ ರೋಗವೂ ಇರಲಿಲ್ಲ. ತಣ್ಣನೆಯ ಲೆನ್ಸಿಗೆ ಸೆಕೆಯ ಗಾಳಿ ತಾಗಿ ಕೂತ ಮಂಜನ್ನು ಬೆಳಗಿನಿಂದ ಪ್ರಾಮಾಣಿಕವಾಗಿ ತೋರಿಸುತ್ತಿತ್ತು. ಸುಳ್ಳು ಹೇಳಿದವನು ನಾನೊಬ್ಬನೇ.

ಅಕ್ಕ ಇನ್ನೂರನ್ನೂ ನೋಡಿದಳು. ಭಾವ ಯಾರು, ಚಪ್ಪರದ ಕಂಬ ಯಾವುದು ಗೊತ್ತಾಗುತ್ತಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಉಂಗುರದ್ದು ಒಂದೂ ಇಲ್ವಾ?" ಎಂದು ಮೆಲ್ಲಗೆ ಕೇಳಿ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟಳು. ಗಾಬರಿಯಲ್ಲಿ ಬೆರಳು ಗುಂಡಿಗೆ ತಾಗಿತು. ಕ್ಲಿಕ್!

ಅಳುತ್ತಿರುವ ಅಕ್ಕ. ಒಂದೊಂದು ರೆಪ್ಪೆಯೂ ಸ್ಪಷ್ಟ. ನಿಶ್ಚಿತಾರ್ಥದ ಆಲ್ಬಮ್ಮಿಗೆ ನಾನು ತೆಗೆದ ಏಕೈಕ ಫೋಟೋ!