ಅಳಿಯನಾಗಬೇಕಾದವನು ಚಿಕ್ಕಪ್ಪನಾದ ಪ್ರಸಂಗ

“ಶುಕ್ರವಾರದೊಳಗೆ ನಮ್ಮ ವಂಶವೃಕ್ಷ ಈ ಗೋಡೆ ಮೇಲೆ ಇರದಿದ್ರೆ ನನ್ನ ಹೆಸರು ಮುನೀಫ್ ಅಲ್ಲ!” ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ನುಹಾ ದ್ರಾಕ್ಷಿ ಎಲೆಗೆ ಅಕ್ಕಿ ತುಂಬಿ ಸುತ್ತುತ್ತಿದ್ದಳು.

“ಹಂಗಾದ್ರೆ ಶನಿವಾರದಿಂದ ನಿಮ್ಮನ್ನ ಏನಂತ ಕರೀಲಿ?” ಎಂದಳು, ತಲೆ ಎತ್ತದೆ.

ಸಲ್ತ್ ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವನಿಗೆ ಇಂಥ ಮಾತೇ! ಶುಕ್ರವಾರ ನಮ್ಮ ಮಗಳು ದೀಮಾಳನ್ನು ಕೇಳಲು ಗಂಡಿನ ಕಡೆಯ ನಲವತ್ತು ಹಿರಿಯರು ಬರುವವರಿದ್ದರು. ಹುಡುಗ ಔಸ್, ನಮಗೆ ದೂರದ ಸಂಬಂಧ. ಅವನ ಹೆಸರು ಕಿವಿಗೆ ಬಿದ್ದರೆ ಸಾಕು, ದೀಮಾ ಉಪ್ಪು ಹಾಕಿದ ಅಡುಗೆಗೆ ಮತ್ತೊಮ್ಮೆ ಉಪ್ಪು ಹಾಕುತ್ತಿದ್ದಳು. ಬಂದವರು ನಮ್ಮ ಹನ್ನೊಂದು ತಲೆಮಾರನ್ನು ಗೋಡೆಯ ಮೇಲೆ ನೋಡಿ ಬೆರಗಾಗಬೇಕೆಂಬುದು ನನ್ನ ಆಸೆ.

ವಂಶದ ವಿವರವನ್ನೆಲ್ಲ ನಮ್ಮಪ್ಪ ತೀರಿಕೊಳ್ಳುವ ಮೊದಲೇ ಕಂಪ್ಯೂಟರಿಗೆ ಹಾಕಿದ್ದರು. ಆದರೆ ಅವರು ಬಳಸಿದ ವಂಶವೃಕ್ಷದ ಸಾಫ್ಟ್‌ವೇರ್ ನಿಂತು ಹೋಗಿ ಹದಿನೈದು ವರ್ಷವಾಗಿತ್ತು. ಅಟ್ಟದಿಂದ ಅವರ ಹಳೆಯ ಕಂಪ್ಯೂಟರ್ ಪೆಟ್ಟಿಗೆಯನ್ನು ಇಳಿಸಿ ಚಾಲೂ ಮಾಡಿದರೆ ಅದು ನನ್ನನ್ನೇ ವಿಚಾರಣೆ ಮಾಡಿತು: ನೋಂದಣಿ ಸಂಖ್ಯೆ ಎಲ್ಲಿ? ಇಲ್ಲದಿದ್ದರೆ ಈ ನಂಬರಿಗೆ ಫೋನ್ ಮಾಡು!

ಮಾಡಿದೆ. ಆ ನಂಬರು ಈಗ ಅಮ್ಮಾನ್ ನಗರದ ಒಂದು ಸಿಹಿ ಅಂಗಡಿಯದಾಗಿತ್ತು.

“ಎಷ್ಟು ಕಿಲೋ ಕುನಾಫಾ ಬೇಕು ಸ್ವಾಮಿ?”

“ನನಗೆ ಹನ್ನೊಂದು ತಲೆಮಾರು ಬೇಕು!”

“ಅಷ್ಟು ಜನಕ್ಕೆ ಇಪ್ಪತ್ತು ಕಿಲೋನಾದ್ರೂ ಬೇಕಾಗುತ್ತೆ.”

ಎರಡು ಕಿಲೋ ಹೇಳಿ ಫೋನಿಟ್ಟೆ. ಸೋಲೊಪ್ಪುವ ಕುಲವೇ ನಮ್ಮದು? ಫೈಲನ್ನು ಹೊಸ ಕಂಪ್ಯೂಟರಿಗೆ ತಂದು, ಬರೀ ಅಕ್ಷರ ತೋರಿಸುವ ಕಿಟಕಿಯಲ್ಲಿ ತೆರೆದೆ. ಹೆಸರುಗಳೆಲ್ಲ ಸಿಕ್ಕವು! ಹುಟ್ಟು, ಸಾವಿನ ವರ್ಷಗಳು ಮಾತ್ರ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದವು. ಇಸವಿ ಯಾರಿಗೆ ಬೇಕು ಎಂದು ಅವನ್ನೆಲ್ಲ ಅಳಿಸಿ ಹಾಕಿದೆ. ಹೌದು, ಇತಿಹಾಸದ ಮೇಷ್ಟ್ರು ನಾನೇ!

ಮೂರು ದಿನ ಕೂತು ಸಾವಿರದ ನೂರು ಹೆಸರು ಜೋಡಿಸಿದೆ. ನಡುವೆ ‘ಔಸ್ ಬಿನ್ ಝೈದಾನ್’ ಎರಡು ಸಲ ಬಂದಿತ್ತು. ಪಾಪ, ಅಪ್ಪನಿಗೆ ವಯಸ್ಸಾಗಿತ್ತು, ಮರೆತು ಮತ್ತೆ ಬರೆದಿದ್ದಾರೆ ಎಂದುಕೊಂಡು, ಒಂದೇ ಗುಂಡಿ ಒತ್ತಿ ಇಬ್ಬರನ್ನೂ ಒಬ್ಬನನ್ನಾಗಿ ಮಾಡಿದೆ. ಗುರುವಾರ ಬಾಗಿಲಿನಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ ತಂದೆ.

“ಒಂದ್ಸಲ ಓದಿ ನೋಡಿದ್ರಾ?” ಎಂದಳು ನುಹಾ.

“ಬರೆದವನೇ ನಾನು, ಓದೋದೇನು?”

ಶುಕ್ರವಾರ ಮಧ್ಯಾಹ್ನ ನಲವತ್ತು ಜನ ಬಂದು ಕೂತರು. ಮುಂದಾಳು ಹುಡುಗನ ಅಜ್ಜ, ಎಂಬತ್ತೈದರ ಅಬು ಝೈದಾನ್. ಕಾಫಿ ಬಟ್ಟಲನ್ನು ಕೈಗೆ ಕೊಟ್ಟರೆ, ಪದ್ಧತಿಯಂತೆ ಕುಡಿಯದೆ ಮುಂದಿಟ್ಟರು. ಹೆಣ್ಣು ಕೊಡುತ್ತೇವೆ ಎಂದ ಮೇಲೆಯೇ ಕುಡಿಯುವುದು. ನಾನು ‘ಕೊಟ್ಟೆವು’ ಎನ್ನಲು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗೋಡೆಯ ಹತ್ತಿರ ನಿಂತಿದ್ದ ಹುಡುಗನ ಸೋದರಮಾವ ಗಟ್ಟಿಯಾಗಿ ಓದಿದ: “ಔಸ್ ಬಿನ್ ಝೈದಾನ್. ಹಾಲು ಕೊಟ್ಟ ತಾಯಿ, ಬದ್ರಿಯಾ.”

ಬದ್ರಿಯಾ ಎಂದರೆ ನನ್ನ ಅಜ್ಜಿ, ನಮ್ಮಪ್ಪನ ತಾಯಿ!

“ಒಂದೇ ಎದೆಹಾಲು ಕುಡಿದವರು ಒಡಹುಟ್ಟಿದವರ ಲೆಕ್ಕ,” ಎಂದ ಅವನು, ಮುಖ ಗಂಟಿಕ್ಕಿ. “ಅಂದ್ಮೇಲೆ ನಮ್ಮ ಹುಡುಗ ನಿಮ್ಮಪ್ಪನ ತಮ್ಮ. ನಿಮಗೆ ಚಿಕ್ಕಪ್ಪ. ಹುಡುಗಿಗೆ ಅಜ್ಜ! ಈ ನಿಕಾಹ್ ಹೆಂಗ್ರೀ ಆಗುತ್ತೆ?”

ಔಸ್ ಸುಣ್ಣದಂತೆ ಬಿಳಿಚಿಕೊಂಡ. ಹೆಂಗಸರ ಕೋಣೆಯ ಬಾಗಿಲ ಹಿಂದಿನಿಂದ ದೀಮಾ ಅಳುತ್ತಾ ಕೂಗಿದಳು: “ಅಪ್ಪಾ, ನನ್ನ ಮದುವೇನ ನೀನೇ ಮುರಿದ್ಯಲ್ಲಪ್ಪಾ!” ನಾನು ಎದ್ದು ಹೋಗಿ ಗೋಡೆಯ ಮೇಲಿನ ಆ ಹೆಸರನ್ನು ಅಂಗೈಯಿಂದ ಮುಚ್ಚಿ ನಿಂತೆ.

“ಮಾತು ಮನೆ ಕೆಡಿಸ್ತು ಅಂತಾರೆ,” ನುಹಾಳ ದನಿ ಕೇಳಿತು, “ನಮ್ಮನೇನ ಕಂಪ್ಯೂಟರ್ ಕೆಡಿಸ್ತು! ರೀ, ನಿಮ್ಮಜ್ಜಿ ಸತ್ತಿದ್ದು ಯಾವಾಗ?”

“ನಾನು... ನಾನು ಎರಡನೇ ಕ್ಲಾಸಲ್ಲಿದ್ದಾಗ.”

“ಔಸ್‌ಗೆ ಈಗ ಇಪ್ಪತ್ತೇಳು! ಗೋರಿಯಿಂದ ಎದ್ದು ಬಂದು ಹಾಲು ಕುಡಿಸಿದ್ರಾ?”

ಆಗ ಅಬು ಝೈದಾನ್ ಕೋಲು ಕುಟ್ಟಿದರು. “ಲೋ ಮುನೀಫ್, ಬದ್ರಿಯಮ್ಮನ ಹಾಲು ಕುಡಿದೋನು ನಾನು ಕಣೋ! ನಮ್ಮಮ್ಮನಿಗೆ ಜ್ವರ ಬಂದಾಗ ನಿಮ್ಮಪ್ಪನ ಜೊತೆ ಕುಡಿದೆ. ನನ್ನ ಮೊಮ್ಮಗನ ಮದುವೆಗೆ ಅದು ಅಡ್ಡಿಯಲ್ಲ. ನನ್ನ ಹೆಸರೇನು ಹೇಳು?”

“ಅಬು ಝೈದಾನ್...”

“ಅದು ಮಗ ಹುಟ್ಟಿದ ಮೇಲೆ ಬಂದಿದ್ದು! ಅದಕ್ಕೆ ಮುಂಚೆ?”

ಅರವತ್ತು ವರ್ಷದಿಂದ ಇಡೀ ಊರು ಅವರನ್ನು ‘ಝೈದಾನನ ಅಪ್ಪ’ ಎಂದೇ ಕರೆದಿದೆ. ಸ್ವಂತ ಹೆಸರು ಯಾರಿಗೆ ನೆನಪು?

“ಔಸ್!” ಎಂದರು ಮುದುಕರು. “ನಮ್ಮಪ್ಪ ಝೈದಾನ್. ನನ್ನ ಮಗ ಝೈದಾನ್. ಮೊಮ್ಮಗ ಔಸ್. ನೀನು ನಮ್ಮಿಬ್ಬರನ್ನೂ ಸೇರಿಸಿ ಒಬ್ಬನ್ನ ಮಾಡಿದ್ಯಾ? ಹಂಗಾದ್ರೆ ಮದುಮಗ ನಾನೇ! ಕರೀರೋ ಖಾಜಿನ!”

“ಮನೆಗೆ ಬನ್ನಿ, ನಾನೇ ಓದಿಸ್ತೀನಿ ನಿಕಾಹ್!” ಎಂದು ಅವರ ಹೆಂಡತಿ ಆಚೆ ಕೋಣೆಯಿಂದ ಗುಡುಗಿದರು.

ನಗು ಸೂರು ಹಾರಿಸಿತು. ಔಸ್‌ನ ಮುಖಕ್ಕೆ ರಕ್ತ ಬಂತು. ನಾನು “ಕೊಟ್ಟೆವು, ಕೊಟ್ಟೆವು!” ಎಂದು ಎರಡೆರಡು ಸಲ ಕೂಗಿದೆ. ಅಬು ಝೈದಾನ್ ಆರಿಹೋದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ, “ಹೆಣ್ಣಿನ ಕಡೇದು ಏನು ಷರತ್ತಿದ್ರೂ ಈಗಲೇ ಹೇಳ್ಬಿಡಿ,” ಎಂದರು.

ನಾನು ಗತ್ತಿನಿಂದ ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಹಿಂದಿನಿಂದ ದೀಮಾ ಹೇಳಿದಳು: “ಒಂದೇ ಷರತ್ತು. ನಿಕಾಹ್ ಪತ್ರದಲ್ಲಿ ಹೆಸರು ಬರೆಯೋ ದಿನ ಅಪ್ಪ ಪೆನ್ನು ಮುಟ್ಟಬಾರ್ದು!”

ಅಬು ಝೈದಾನ್ ಅಂಗೈ ಎತ್ತಿ, ಸಂಬಂಧ ಗಟ್ಟಿಮಾಡುವ ಫಾತಿಹಾ ಪ್ರಾರ್ಥನೆ ಓದಿದರು. ನಲವತ್ತು ಜನ ಒಕ್ಕೊರಲಿನಿಂದ “ಆಮೀನ್!” ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿದ್ದು ಮಾತ್ರ ನುಹಾಳ ಆಮೀನ್.