ಒಳಗಿನ ಮಷೀನಿಗೂ ಒಂದು ಖಂಡೇಪೂಜೆ

ನಮ್ಮ ಕಾಕಾ ಮನುಷ್ಯರಿಗೆ ಕೊಡದ ರಜೆಯನ್ನು ಮಷೀನುಗಳಿಗೆ ಕೊಡುತ್ತಾರೆ. ಬೆಟಗೇರಿಯಲ್ಲಿ ಸೀರೆ ನೇಯಿಸುವ ಮನೆ ಅವರದು. ಅಮಾವಾಸ್ಯೆಗೆ ಮಗ್ಗ ನಿಲ್ಲಿಸುವುದು ಎಲ್ಲರ ವಾಡಿಕೆ, ಒಪ್ಪೋಣ. ಇವರ ಮನೆಯಲ್ಲಿ ಮಿಕ್ಸರೂ ನಿಲ್ಲಬೇಕೆ?

"ಮಿಕ್ಸರಿಗೆ ಸೂಟಿ ಸಿಕ್ತು, ನನಗ ಯಾವಾಗ್ರಿ?" ಎಂದು ಕಾಕು ಕಲ್ಲಿನಲ್ಲಿ ಚಟ್ನಿ ಅರೆಯುತ್ತ ಕೇಳುತ್ತಾರೆ.

"ನೀ ಏನ್ ಮಷೀನ ಏನು?" ಎನ್ನುತ್ತಾರೆ ಕಾಕಾ. ಇದು ಪ್ರೀತಿಯ ಮಾತೋ ಜಾರಿಕೊಳ್ಳುವ ಉಪಾಯವೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಇಂಥದೇ ಒಂದು ಅಮಾವಾಸ್ಯೆಯಂದು ಬೈಕಿಗೆ ರಜೆ ಕೊಟ್ಟು, ನನ್ನನ್ನೂ ಎಳೆದುಕೊಂಡು ಶಿರಹಟ್ಟಿ ಬಸ್ಸು ಹತ್ತಿದರು. ಕಂಡಕ್ಟರ್ ಕೈಯ ಟಿಕೆಟ್ ಮಷೀನನ್ನು ಕನಿಕರದಿಂದ ನೋಡಿ, "ಇದಕ್ಕ ಇವತ್ತರ ಸೂಟಿ ಕೊಡಬಾರದೇನ್ರಿ?" ಎಂದರು.

"ಯಜಮಾನ್ರ, ಮೊದಲ ನನಗ ಕೊಡಸ್ರಿ, ಆಮ್ಯಾಲ ಅದರದು ನೋಡೂಣು," ಎಂದ ಆತ.

ಸೀರೆಯ ಅಂಚಿನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದವರು ಕಾಕು. ಅವರು ಕಲಿತ ಸಾಫ್ಟ್‌ವೇರ್ ಹಳೆಯ ಕಂಪ್ಯೂಟರಿನಲ್ಲಷ್ಟೇ ನಡೆಯುತ್ತಿತ್ತು. ಅದು ಕೆಟ್ಟಾಗ, ಮುಂಡರಗಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ನಾನು ಒಂದು ಉಪಾಯ ಮಾಡಿದೆ. ಹೊಸ ಕಂಪ್ಯೂಟರಿನೊಳಗೇ ಹಳೆಯದರಂಥ ಒಂದು ವರ್ಚುವಲ್ ಮಷೀನನ್ನು ಕೂರಿಸಿ, "ಇದರ ಹೊಟ್ಟ್ಯಾಗ ಇನ್ನೊಂದು ಕಂಪ್ಯೂಟರ್ ಐತ್ರಿ," ಎಂದೆ.

"ಅಂದ್ರ ಇದು ಬಸರಿ ಅನ್ನು," ಎಂದರು ಕಾಕಾ. ಅಂದಿನಿಂದ ಆ ಮೇಜಿನ ಹತ್ತಿರ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆಗೆ ಕಾಕುವಿನ ಕಣ್ಣು ಮಂಜಾಯಿತು. ಹೊಸ ಚಿತ್ರ ಬಿಡಿಸುವುದು ನಿಂತುಹೋಯಿತು. ಇಷ್ಟು ವರ್ಷ ಬಿಡಿಸಿದ್ದೆಲ್ಲ, ಅರ್ಧಕ್ಕೇ ನಿಂತ ಕೊನೆಯ ಗಿಳಿಯಂಚೂ ಸೇರಿ, ಆ ಒಳಗಿನ ಮಷೀನಿನಲ್ಲೇ ಉಳಿಯಿತು.

ಹೋದ ದಸರೆಯ ಬನ್ನಿ ಹಬ್ಬದಂದು ಕಾಕಾ ಫೋನ್ ಮಾಡಿದರು. "ಲೇ ತಮ್ಮಾ, ಒಳಗಿಂದು ಏಳವಲ್ದು. ಜಲ್ದಿ ಬಾ."

ಹೋಗಿ ನೋಡಿದರೆ, ಡಿಸ್ಕ್ ಫೈಲ್ ಸಿಗುತ್ತಿಲ್ಲ ಎಂದು ಪರದೆ ಹೇಳುತ್ತಿತ್ತು. ಒಳಗಿನ ಮಷೀನಿನ ಸಂಸಾರವೆಲ್ಲ ಇರುವುದು ಆ ಒಂದು ದೊಡ್ಡ ಫೈಲಿನಲ್ಲಿ. ಇಟ್ಟ ಜಾಗದಲ್ಲಿ ಅದಿಲ್ಲ. ಕಂಪ್ಯೂಟರಿನ ಮೂಲೆಮೂಲೆ ಹುಡುಕಿದೆ, ಕಸದ ಬುಟ್ಟಿಯನ್ನೂ ಜಾಲಾಡಿದೆ. ಎಲ್ಲೂ ಇಲ್ಲ.

"ಎಲ್ಲಾ ಹೋತೇನಪಾ?" ಎಂದರು ಬಾಗಿಲಲ್ಲಿ ಕುಳಿತ ಕಾಕು. "ಮತ್ತ ಚಿತ್ರ ತಗೀಬೇಕಂದ್ರ ಕಣ್ಣಿಲ್ಲ." ನಾನು ಕಾಕಾನ ಕಡೆ ತಿರುಗಿದೆ.

"ಕಾಕಾ, ನಿನ್ನೆ ಇದಕ್ಕ ಏನ್ ಮಾಡಿದ್ರಿ?"

"ನಿನ್ನಿ ಖಂಡೇಪೂಜಿ ಇತ್ತಲ್ಲೋ, ಆಯುಧಕ್ಕೆಲ್ಲ ಪೂಜಿ. ಹೊರಗಿನ ಮಷೀನಿಗೆ ಇಬತ್ತಿ ಹಚ್ಚಿದೆ. ಒಳಗಿಂದಕ್ಕ ಕೈ ಮುಟ್ಟಬೇಕಲ್ಲ? ನೀ ಹೇಳಿಕೊಟ್ಟಂಗ ಆ ಫೈಲ್ ಕಟ್ ಮಾಡಿ ಸಣ್ಣ ಡಬ್ಬಿಗೆ ಹಾಕಿ ಹೊರಗ ತಗದೆ."

"ಮತ್ತ ಆಗಲೇ ಯಾಕ ಹೇಳಲಿಲ್ರಿ?"

"ಕಳಕೊಂಡಿದ್ರ ಹೇಳತಿದ್ದೆ. ಅದು ಮನಿ ಬಿಟ್ಟು ಎಲ್ಲೂ ಹೋಗಿಲ್ಲ, ದೇವರ ಜಗಲಿ ಮ್ಯಾಲ ಐತಿ. ಒಂದ ಮನ್ಯಾಗಿದ್ದು ಕಂಪ್ಯೂಟರಿಗೆ ಗೊತ್ತಾಗಬಾರದೇನು?"

ಹೌದು, ಜಗಲಿಯ ಮೇಲೆ ಮಗ್ಗದ ಲಾಳಿಗಳ ಜೊತೆ ಕಾಕಾ ಹೇಳಿದ ಸಣ್ಣ ಡಬ್ಬಿ, ಅಂದರೆ ತಂತಿಯಿಂದ ಜೋಡಿಸುವ ಹಾರ್ಡ್‌ಡಿಸ್ಕ್, ಕುಳಿತಿತ್ತು! ಮೈತುಂಬ ವಿಭೂತಿ, ಕುಂಕುಮ, ತಲೆಯ ಮೇಲೊಂದು ಚೆಂಡುಹೂ. ಕಾಯಿ ಒಡೆದ ನೀರು ಬಿದ್ದಿರಲಿಲ್ಲ, ನಮ್ಮ ಪುಣ್ಯ. ಒರೆಸಿ, ಜೋಡಿಸಿ, ಫೈಲನ್ನು ಮೊದಲಿನ ಜಾಗದಲ್ಲಿಟ್ಟು ಮಷೀನ್ ಚಾಲೂ ಮಾಡಿದೆ. ಸಾವಕಾಶ ಎದ್ದಿತು. ಅರ್ಧ ಗಿಳಿಯೂ ಇದ್ದಲ್ಲೇ ಇತ್ತು.

ಜೀವ ಬಂದಮೇಲೆ ನನಗೆ ಸಿಟ್ಟೂ ಬಂತು. "ಹೊರಗಿಂದಕ್ಕ ಪೂಜಿ ಮಾಡಿದ್ರಲ್ಲ, ಅಷ್ಟ ಸಾಲತಿರಲಿಲ್ಲೇನ್ರಿ ಕಾಕಾ?"

ಕಾಕಾ ಪರದೆಯ ಕಡೆಗೇ ನೋಡುತ್ತಿದ್ದರು. "ಈ ಮನ್ಯಾಗ ಖರೆ ದುಡದದ್ದು ನಿಮ್ಮ ಕಾಕುನ ಕಣ್ಣು. ಅವು ಈಗ ಇದರೊಳಗ ಅದಾವು. ಅವಕ್ಕ ಪೂಜಿ ಬ್ಯಾಡೇನಲೇ?"

ಬನ್ನಿ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವ ಹೊತ್ತಾಗಿತ್ತು. ಕಾಕು ಗೋಡೆ ಹಿಡಿದು ಬಂದರು, ಕಾಕಾನ ಕೈಯನ್ನು ತಡವಿ ಹುಡುಕಿ ಅದರಲ್ಲಿ ಬನ್ನಿ ಎಲೆ ಇಟ್ಟರು.

"ಬಂಗಾರದಂಗ ಇರೂಣ್ರಿ," ಎಂದರು.

ಕಾಕಾ ಆ ಕೈಯನ್ನು ಬಿಡಲೇ ಇಲ್ಲ.